ಗೂಗಲ್‌ನಲ್ಲಿ ಮೊದಲ ಸ್ಥಾನ ಮಾರಾಟಕ್ಕೆ ಉಂಟಾ?

ಕಳೆದ ವರ್ಷ ರಮಝಾನ್‌ಗೆ ಇನ್ನೊಂದು ತಿಂಗಳು ಉಂಟು ಅನ್ನುವಾಗ, ನಮ್ಮ ಮದ್ರಸದಲ್ಲಿ ಓದಿ ಹೋದ ಹುಡುಗನೊಬ್ಬ ಮಗ್ರಿಬ್ ಆದ ಮೇಲೆ ನಮ್ಮನ್ನು ಕಾಣಲು ಬಂದ. ಬಿಕಾಂ ಮಾಡಿ ದಮ್ಮಾಮ್‌ಗೆ ಹೋಗಿದ್ದವನು. ಅಲ್ಲಿ ಒಂದು ಟ್ರೇಡಿಂಗ್ ಕಂಪೆನಿಯ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸದಲ್ಲಿ ಮೂರು ವರ್ಷ ಇದ್ದ. ವೀಸಾ ಮುಗಿಯಿತು, ಊರಿಗೆ ಬಂದ. "ಉಸ್ತಾದ್, ಒಂದು ವಿಷಯ ಕೇಳ್ಲಿಕ್ಕೆ ಉಂಟು" ಅಂದ. ಮದುವೆಯ ವಿಷಯ ಇರಬೇಕು ಎಂದು ನಾವು ಅಂದುಕೊಂಡೆವು. ಅದಲ್ಲ. "ಗೂಗಲ್‌ನಲ್ಲಿ ಅಂಗಡಿಗಳನ್ನು ಮೇಲೆ ತರುವ ಕೆಲಸ ಶುರು ಮಾಡ್ತೇನೆ. ಅದರ ಸಂಪಾದನೆ ಹಲಾಲಾ?" ಇದು ಅವನ ಪ್ರಶ್ನೆ.

ಆ ಕೆಲಸ ಏನೆಂದೇ ನಮಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಹಲಾಲ್, ಹರಾಮ್ ಎಂದು ಹೇಳಿಬಿಡುವುದು ನಮ್ಮ ಉಸ್ತಾದರು ನಮಗೆ ಕಲಿಸಿದ ಪದ್ಧತಿ ಅಲ್ಲ. "ಮೊದಲು ನೀನು ನಮಗೆ ಪಾಠ ಮಾಡು, ಆಮೇಲೆ ಹೇಳ್ತೇವೆ" ಅಂದೆವು. ಹಾಗೆ ಸುಮಾರು ಹದಿನೈದು ದಿನ, ಇಶಾಕ್ಕೆ ಮುಂಚಿನ ಮುಕ್ಕಾಲು ಗಂಟೆ ಶಿಷ್ಯ ಉಸ್ತಾದ್ ಆದ, ನಾವು ವಿದ್ಯಾರ್ಥಿ ಆದೆವು. ಅಲ್ಲಿ ಕಲಿತದ್ದನ್ನೂ ಆಮೇಲೆ ಒಂದು ವರ್ಷ ಅವನ ಕೆಲಸವನ್ನು ಹತ್ತಿರದಿಂದ ನೋಡಿದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಮೊಹಲ್ಲಾಗಳಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕಲಿತ ಮಕ್ಕಳು ಈಗ ಬೇಕಾದಷ್ಟು ಇದ್ದಾರೆ. ಮಗ ಇಡೀ ದಿನ ಲ್ಯಾಪ್‌ಟಾಪ್ ಮುಂದೆ ಕೂತಿದ್ದಾನೆ, ಅದು ಕೆಲಸವಾ ಆಟವಾ ಎಂದು ನಮ್ಮಲ್ಲಿ ಬಂದು ಕೇಳುವ ಉಮ್ಮಂದಿರೂ ಇದ್ದಾರೆ.

ಕೆಲಸದ ಹೆಸರು ಸರ್ಚ್ ಎಂಜಿನ್ ಆಪ್ಟಿಮೈಸೇಶನ್, ಚಿಕ್ಕದಾಗಿ ಎಸ್‌ಇಒ. ಹೆಸರು ದೊಡ್ಡದು, ವಿಷಯ ನಮ್ಮ ಬಂದರ್‌ನವರಿಗೆ ಹೊಸತಲ್ಲ. ಬಂದರಿನ ಹಳೆಯ ದಲ್ಲಾಳಿಯನ್ನು ನೆನಪು ಮಾಡಿಕೊಳ್ಳಿ. ಬೆಳಗ್ಗೆ ಗೋದಾಮುಗಳಿಗೆ ಸುತ್ತು ಹಾಕಿ ಯಾರಲ್ಲಿ ಯಾವ ಸರಕು ಉಂಟು, ಯಾವ ಗುಣಮಟ್ಟದ್ದು, ಯಾರ ಮಾತು ನಂಬಬಹುದು ಎಂದು ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾನೆ. ಘಟ್ಟದ ಮೇಲಿನಿಂದ ಬಂದ ಗಿರಾಕಿ ಕೇಳಿದ ಕೂಡಲೇ "ಮೊದಲು ಅವರಲ್ಲಿ ನೋಡಿ, ಆಗದಿದ್ದರೆ ಇವರಲ್ಲಿ" ಅನ್ನುತ್ತಾನೆ. ಗೂಗಲ್ ಮಾಡುವುದೂ ಅದನ್ನೇ. ಅದರ ಯಂತ್ರಗಳು ಜಗತ್ತಿನ ವೆಬ್‌ಸೈಟ್‌ಗಳಿಗೆಲ್ಲ ಸುತ್ತು ಹಾಕಿ ಓದಿಕೊಂಡು ಬರುತ್ತವೆ, ಪಟ್ಟಿ ಮಾಡಿ ಇಡುತ್ತವೆ, ಯಾರಾದರೂ ಕೇಳಿದಾಗ ಕ್ರಮದಲ್ಲಿ ತೋರಿಸುತ್ತವೆ. ಎಸ್‌ಇಒ ಅಂದರೆ ಆ ದಲ್ಲಾಳಿಗೆ ನಮ್ಮ ಗೋದಾಮು ಸರಿಯಾಗಿ ಕಾಣುವ ಹಾಗೆ ಬಾಗಿಲು ತೆರೆದು, ಬೋರ್ಡು ಹಾಕಿ, ಸರಕು ಜೋಡಿಸಿ ಇಡುವುದು. ದಲ್ಲಾಳಿಯ ಬಾಯಿಗೆ ದುಡ್ಡು ತುರುಕುವುದಲ್ಲ. ದುಡ್ಡು ಕೊಟ್ಟು ಮೇಲೆ ಬರುವ ದಾರಿಯೂ ಉಂಟು. ಅದು ಜಾಹೀರಾತು, ಅದರ ಮೇಲೆ 'ಪ್ರಾಯೋಜಿತ' ಎಂದು ಬರೆದೇ ಇರುತ್ತದೆ. ಅದರ ಲೆಕ್ಕ ಬೇರೆ.

ಕ್ರಮವನ್ನು ಹೇಗೆ ತೀರ್ಮಾನ ಮಾಡುತ್ತದೆ ಎಂದು ಕೇಳಿದಾಗ ಹುಡುಗ ಹೇಳಿದ ಒಂದು ವಿಷಯ ನಮ್ಮ ಮನಸ್ಸಿಗೆ ಬಹಳ ಹಿಡಿಸಿತು. 1998ರಲ್ಲಿ ಲ್ಯಾರಿ ಪೇಜ್, ಸೆರ್ಗೆ ಬ್ರಿನ್ ಎಂಬ ಇಬ್ಬರು ಅಮೆರಿಕದಲ್ಲಿ ಗೂಗಲ್ ಶುರು ಮಾಡಿದಾಗ ಅವರ ಮುಖ್ಯ ಉಪಾಯ ಇದು: ಒಂದು ವೆಬ್‌ಸೈಟ್ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದನ್ನು ಒಂದು ಸಾಕ್ಷಿ ಎಂದು ಎಣಿಸುವುದು. ಎಷ್ಟು ಜನ ಸಾಕ್ಷಿ ಹೇಳಿದರು ಎಂಬುದಷ್ಟೇ ಅಲ್ಲ, ಹೇಳಿದವನು ಯಾರು, ಅವನಿಗೆ ಸಾಕ್ಷಿ ಹೇಳಿದವರು ಯಾರು ಎಂದೂ ನೋಡುವುದು. ಹದೀಸ್ ಓದಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಸನದಿನಲ್ಲಿ ಒಬ್ಬ ದುರ್ಬಲ ವರದಿಗಾರ ಇದ್ದರೆ ಇಡೀ ವರದಿಯ ತೂಕ ಇಳಿಯುವುದಿಲ್ಲವೇ? ಈಗ ಗೂಗಲ್ ನೋಡುವ ಸಂಗತಿಗಳು ಬಹಳ ಹೆಚ್ಚಾಗಿವೆ, ಆದರೂ ಈ ಬೇರು ಹೋಗಿಲ್ಲ. ನಮ್ಮ ಊರಿನ ಅಂಗಡಿಗಳಿಗೆ ಮುಖ್ಯವಾದದ್ದು ಮ್ಯಾಪಿನಲ್ಲಿ ಬರುವ ಪಟ್ಟಿ. ಅದಕ್ಕೆ ಮೂರು ಸಂಗತಿ ನೋಡುತ್ತೇವೆ ಎಂದು ಗೂಗಲೇ ಹೇಳಿದೆ: ಕೇಳಿದ್ದಕ್ಕೂ ಅಂಗಡಿಗೂ ಸಂಬಂಧ ಎಷ್ಟು, ಕೇಳಿದವನಿಂದ ಅಂಗಡಿ ಎಷ್ಟು ದೂರ, ಅಂಗಡಿಗೆ ಹೆಸರು ಎಷ್ಟು. ದೂರವನ್ನು ಯಾರೂ ಬದಲಿಸಲಿಕ್ಕೆ ಆಗುವುದಿಲ್ಲ. ತೊಕ್ಕೊಟ್ಟಿನ ಅಂಗಡಿಯನ್ನು ಸುರತ್ಕಲ್‌ನಲ್ಲಿ ನಿಂತವನಿಗೆ ಹತ್ತಿರ ಮಾಡಲಿಕ್ಕೆ ಆಗ್ತದಾ?

ಇಷ್ಟು ತಿಳಿದ ಮೇಲೆ ನಮಗೆ ಮನೆಯದ್ದೇ ಒಂದು ಪ್ರಕರಣ ಅರ್ಥವಾಯಿತು. ನಮ್ಮ ಭಾವನವರಿಗೆ ಒಂದು ಫರ್ನಿಚರ್ ಅಂಗಡಿ ಉಂಟು. ಒಂದು ದಿನ ಅವರಿಗೆ ಫೋನ್ ಬಂತು. ನಾವು ಗೂಗಲ್ ಕಡೆಯವರು, 30 ದಿನದಲ್ಲಿ ನಿಮ್ಮ ಅಂಗಡಿ ಮೊದಲ ಸ್ಥಾನಕ್ಕೆ, ನೂರಕ್ಕೆ ನೂರು ಗ್ಯಾರಂಟಿ. ಭಾವ 18,000 ರೂಪಾಯಿ ಕೊಟ್ಟರು. ತಿಂಗಳಾದ ಮೇಲೆ ಅವರು ಒಂದು ಸ್ಕ್ರೀನ್‌ಶಾಟ್ ಕಳಿಸಿದರು. ಹೌದು, ಅಂಗಡಿ ಮೊದಲು ಇತ್ತು. ಆದರೆ ಹುಡುಕಿದ್ದು ಅಂಗಡಿಯ ಪೂರ್ತಿ ಹೆಸರು ಮತ್ತು ಊರಿನ ಹೆಸರು ಹಾಕಿ! ಅದನ್ನು ಹಾಕಿದರೆ ಬೇರೆ ಯಾರು ಬರುವುದು? ಅಂಗಡಿಯ ಹೆಸರು ಗೊತ್ತಿರುವವನಿಗೆ ಅಂಗಡಿ ತೋರಿಸಲು 18,000 ಯಾಕೆ? ಸೋಫಾ ಬೇಕು ಎಂದು ಹುಡುಕುವವನಿಗೆ ಅಂಗಡಿ ಎಲ್ಲಿಯೂ ಇರಲಿಲ್ಲ. ಇನ್ನೂ ಬೇಸರದ ಸಂಗತಿ ಏನೆಂದರೆ, ಗೂಗಲ್‌ನ ಅಂಗಡಿ ಖಾತೆಯನ್ನು ಅವರು ತಮ್ಮ ಇಮೇಲ್‌ನಲ್ಲೇ ಮಾಡಿ ಇಟ್ಟುಕೊಂಡಿದ್ದರು. ಎರಡನೇ ವರ್ಷಕ್ಕೆ ದುಡ್ಡು ಕೊಡುವುದಿಲ್ಲ ಎಂದಾಗ ಫೋನ್ ಎತ್ತುವುದೇ ನಿಲ್ಲಿಸಿದರು. ತನ್ನ ಅಂಗಡಿಯ ಫೋನ್ ನಂಬರ್ ಬದಲಿಸಲಿಕ್ಕೂ ಭಾವನಿಗೆ ಅಧಿಕಾರ ಇರಲಿಲ್ಲ.

ಗೂಗಲ್ ತನ್ನ ಮಾರ್ಗದರ್ಶನದಲ್ಲಿ ಸ್ಪಷ್ಟವಾಗಿ ಹೇಳುತ್ತದೆ: ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲು ಸಾಧ್ಯವಿಲ್ಲ, ಹಾಗೆ ಹೇಳುವವರ ಬಗ್ಗೆ ಜಾಗ್ರತೆ. ಎಸ್‌ಇಒ ಕೆಲಸದ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿನಿಂದ ಒಂದು ವರ್ಷ ಬೇಕು ಎಂದೂ ಅವರ ಕಡೆಯವರು ಹೇಳಿದ್ದುಂಟು. ಹಾಗಾದರೆ 30 ದಿನದ ಗ್ಯಾರಂಟಿ ಏನು? ತನ್ನ ಕೈಯಲ್ಲಿ ಇಲ್ಲದ್ದನ್ನು ಮಾರುವುದು. ತನ್ನಲ್ಲಿ ಇಲ್ಲದ್ದನ್ನು ಮಾರಬಾರದೆಂದು ಹಕೀಮ್ ಬಿನ್ ಹಿಝಾಮ್ (ರ.ಅ.) ಅವರಿಗೆ ಪ್ರವಾದಿ (ಸ.ಅ.) ಹೇಳಿದ ಹದೀಸನ್ನು ನಾವು ಮಕ್ಕಳಿಗೆ ಪಾಠ ಮಾಡುತ್ತೇವೆ. ಫಿಕ್ಹ್ ಕಿತಾಬುಗಳಲ್ಲಿ ಇದಕ್ಕೆ ಕೊಡುವ ಉದಾಹರಣೆ ಆಕಾಶದಲ್ಲಿ ಹಾರುವ ಹಕ್ಕಿ ಮತ್ತು ನೀರಿನಲ್ಲಿರುವ ಮೀನು. ಬಲೆ ಹಾಕುವ ಕೂಲಿ ತೆಗೆದುಕೊಳ್ಳಬಹುದು. ಕಡಲಲ್ಲಿರುವ ಅಂಜಲ್ ಮೀನನ್ನು ಇಷ್ಟು ಕಿಲೋ ಎಂದು ಮೊದಲೇ ಮಾರಲಿಕ್ಕೆ ಆಗುವುದಿಲ್ಲ.

ನಮ್ಮ ಹುಡುಗನಿಗೆ ನಾವು ಕೊಟ್ಟ ಉತ್ತರವೂ ಇದೇ. ಕೆಲಸ ಮಾರು, ಸ್ಥಾನ ಮಾರಬೇಡ.

ಮಾತು ಇಷ್ಟು ಸುಲಭ, ಆದರೆ ಬಜಾರಿನಲ್ಲಿ ಅದನ್ನು ಇಟ್ಟುಕೊಂಡು ಗಿರಾಕಿ ಹುಡುಕುವುದು ಎಷ್ಟು ಕಷ್ಟ ಎಂದು ಆಮೇಲೆ ನೋಡಿದೆವು. ಬಂಡವಾಳದ ಸಮಸ್ಯೆ ಅವನಿಗೆ ಇರಲಿಲ್ಲ. ಲ್ಯಾಪ್‌ಟಾಪ್ ದಮ್ಮಾಮ್‌ನಿಂದ ತಂದದ್ದು, ಇಂಟರ್ನೆಟ್ ಮನೆಯಲ್ಲಿ ಉಂಟು. ಬೇಕಾದ ಮುಖ್ಯ ಸಾಧನಗಳನ್ನು, ಅಂದರೆ ಅಂಗಡಿ ಖಾತೆಗೆ ಗೂಗಲ್ ಬಿಸಿನೆಸ್ ಪ್ರೊಫೈಲ್, ವೆಬ್‌ಸೈಟ್‌ಗೆ ಸರ್ಚ್ ಕನ್ಸೋಲ್, ಗೂಗಲ್ ಪುಕ್ಕಟೆ ಕೊಡುತ್ತದೆ. ಸಣ್ಣ ಉದ್ಯಮದ 'ಉದ್ಯಮ್' ನೋಂದಣಿ ಸರ್ಕಾರದ ಪೋರ್ಟಲ್‌ನಲ್ಲಿ ಪುಕ್ಕಟೆ. ಅದಕ್ಕೆ ದುಡ್ಡು ಕೇಳುವ ಮಧ್ಯವರ್ತಿಗಳಿಗೆ ಮೋಸ ಹೋಗಬೇಡಿ. ಸೇವೆಯ ವ್ಯವಹಾರ ವರ್ಷಕ್ಕೆ 20 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಗೋಜಿಲ್ಲ. ಒಂದು ಕರೆಂಟ್ ಅಕೌಂಟ್, ಒಂದು ಬಿಲ್ ಪುಸ್ತಕ. ಮುಗಿಯಿತು.

ಗಿರಾಕಿ? ಮೊದಲು 200 ವಿಸಿಟಿಂಗ್ ಕಾರ್ಡ್ ಮಾಡಿಸಿ ಹಂಪನಕಟ್ಟೆಯಿಂದ ಸ್ಟೇಟ್‌ಬ್ಯಾಂಕ್‌ವರೆಗೆ ಅಂಗಡಿ ಅಂಗಡಿಗೆ ಕೊಟ್ಟ. ಒಬ್ಬರೂ ಫೋನ್ ಮಾಡಲಿಲ್ಲ. ಜಮಾಅತ್‌ನ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಹಾಕಿದ. ಮೂರು ಜನ ಕೇಳಿದರು, ಮೂವರಿಗೂ ಪುಕ್ಕಟೆ ಬೇಕಿತ್ತು. "ನೀನು ನಮ್ಮವನೇ ಅಲ್ವಾ ಮಾರಾಯ, ನಿನಗೆ ಎಂತ ದುಡ್ಡು?" ಈ ಮಾತು ನಮ್ಮ ಸಮುದಾಯದ ಎಷ್ಟು ಸಣ್ಣ ವ್ಯಾಪಾರಗಳನ್ನು ಮುಳುಗಿಸಿದೆಯೋ ಅಲ್ಲಾಹನಿಗೇ ಗೊತ್ತು. ನಮ್ಮವನು ಎಂದರೆ ಅವನ ಕೂಲಿಯನ್ನು ಬೆವರು ಆರುವ ಮೊದಲೇ ಕೊಡಬೇಕು. ಕೂಲಿಯನ್ನೇ ತಿಂದುಬಿಡುವುದಲ್ಲ.

ಕೊನೆಗೆ ಅವನಿಗೆ ಫಲ ಕೊಟ್ಟ ದಾರಿ ಬಹಳ ಸರಳ. ಒಂದು ಅಂಗಡಿಗೆ ಹೋಗುವ ಮುಂಚೆ, ರಸ್ತೆಯ ಆಚೆ ಬದಿಯಲ್ಲಿ ನಿಂತು ಗಿರಾಕಿಯ ಹಾಗೆ ಫೋನಿನಲ್ಲಿ ಆ ಅಂಗಡಿಯನ್ನು ಹುಡುಕುವುದು. ಕಂಡ ಮೂರು ತಪ್ಪುಗಳನ್ನು ಒಂದು ಕಾಗದದಲ್ಲಿ ಕೈಯಲ್ಲೇ ಬರೆಯುವುದು. ಒಳಗೆ ಹೋಗಿ ಕೊಡುವುದು. "ಕಾಕ, ಇದು ನಿಮ್ಮದೇ ಅಂಗಡಿ. ಜುಮಾ ದಿನ ನೀವು ಹನ್ನೆರಡೂವರೆಯಿಂದ ಎರಡೂವರೆ ಮುಚ್ಚುತ್ತೀರಿ, ಗೂಗಲ್‌ನಲ್ಲಿ ತೆರೆದಿದೆ ಅಂತ ಉಂಟು. ಫೋನ್ ನಂಬರ್ ಹಳೆಯ ಲ್ಯಾಂಡ್‌ಲೈನ್. ಫೋಟೋದಲ್ಲಿ ಕಾಣುವುದು ಪಕ್ಕದ ಅಂಗಡಿ. ನಿಮ್ಮ ಮನೆಯ ಮಕ್ಕಳಿಂದಲೇ ಸರಿ ಮಾಡಿಸಬಹುದು. ಆಗದಿದ್ದರೆ ನನಗೆ ಫೋನ್ ಮಾಡಿ." ಅಷ್ಟೇ ಹೇಳಿ ಸಲಾಂ ಹೇಳಿ ಬರುವುದು. ಇಂಥ ಕಾಗದ ಹತ್ತಿಪ್ಪತ್ತು ಕೊಟ್ಟಾಗ ಇಬ್ಬರು ಫೋನ್ ಮಾಡಿದರು. ಕೆಲವರು ತಾವೇ ಸರಿ ಮಾಡಿಕೊಂಡರು. ಅವರಲ್ಲಿ ಒಬ್ಬರು ತಮ್ಮ ಅಳಿಯನಿಗೆ ಇವನ ಹೆಸರು ಹೇಳಿದರು. ಆ ಅಳಿಯನೇ ಈಗ ಅವನ ಅತಿ ಒಳ್ಳೆಯ ಗಿರಾಕಿ.

ಮೊದಲ ಗಿರಾಕಿ ದೇರಳಕಟ್ಟೆಯಲ್ಲಿ ಒಂದು ಮೆಸ್ ನಡೆಸುವವರು. ಅಲ್ಲಿ ಮೆಡಿಕಲ್ ಕಾಲೇಜುಗಳು, ಆಸ್ಪತ್ರೆಗಳು. ಕೇರಳದ ಮಕ್ಕಳು ತುಂಬ, ರೋಗಿಗಳ ಜೊತೆ ದೂರದಿಂದ ಬಂದು ನಿಲ್ಲುವವರೂ ತುಂಬ. ಹೊಸದಾಗಿ ಬಂದವರು ಊಟ ಎಲ್ಲಿ ಎಂದು ಯಾರನ್ನೂ ಕೇಳುವುದಿಲ್ಲ, ಫೋನನ್ನು ಕೇಳುತ್ತಾರೆ. ಮೆಸ್ಸಿನ ಊಟ ರುಚಿಯಾದದ್ದು, ಆದರೆ ಒಳ ರಸ್ತೆ. ಮ್ಯಾಪಿನಲ್ಲಿ ಗುರುತು ಎದುರಿನ ಗಲ್ಲಿಯಲ್ಲಿ ಬಿದ್ದಿತ್ತು, ವರ್ಗ 'ಕಿರಾಣಿ ಅಂಗಡಿ' ಎಂದಿತ್ತು! ಯಾರೋ ಹಿಂದೆ ಹಾಗೆ ಸೇರಿಸಿದ್ದರು. ಹುಡುಗ ಗುರುತನ್ನು ಸರಿಯಾದ ಜಾಗಕ್ಕೆ ತಂದ, ವರ್ಗ ಬದಲಿಸಿದ, ಊಟದ ಪಟ್ಟಿ ಹಾಕಿದ. ಪಾರ್ಸೆಲ್ ಉಂಟಾ, ತಿಂಗಳ ಲೆಕ್ಕ ಉಂಟಾ, ರಮಝಾನ್‌ನಲ್ಲಿ ಅತ್ತಾಳಕ್ಕೆ ಊಟ ಸಿಗ್ತದಾ ಎಂದು ಎಲ್ಲ ಬರೆದ. ರಮಝಾನ್‌ನ ಸಮಯ ಬೇರೆ ಹಾಕುವ ಅನುಕೂಲ ಅದರಲ್ಲೇ ಉಂಟು. ನಮ್ಮ ಅಂಗಡಿಗಳವರು ಹೆಚ್ಚಿನವರು ಅದನ್ನು ಮುಟ್ಟುವುದೇ ಇಲ್ಲ.

ಆಮೇಲೆ ಒಂದು ಚಿಕ್ಕ ವೆಬ್‌ಸೈಟ್, ನಾಲ್ಕೇ ಪುಟ. ಇಲ್ಲಿ ಭಾಷೆಯ ವಿಷಯ ಬರುತ್ತದೆ, ನಮಗೆ ಸ್ವಾರಸ್ಯವೆನಿಸಿದ್ದು ಇದು. ಜನ ಹುಡುಕುವ ಮಾತಿಗೂ ನಾವು ಬೋರ್ಡಿನಲ್ಲಿ ಬರೆಯುವ ಮಾತಿಗೂ ಬಹಳ ವ್ಯತ್ಯಾಸ. ಪತ್ತಿರಿ ಎಂಬ ಒಂದೇ ತಿಂಡಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಬ್ಯಾರಿ ಎಂಬ ನಮ್ಮ ಹೆಸರನ್ನೇ ಇಂಗ್ಲಿಷಿನಲ್ಲಿ ಬರೆಯುವುದು ಎಷ್ಟು ಬಗೆಯಲ್ಲಿ! ಮಲಯಾಳಿ ಮಕ್ಕಳು ಮಲಯಾಳಂನಲ್ಲಿ ಹುಡುಕುತ್ತಾರೆ, ರೋಗಿಯ ಕಡೆಯವರು ಕನ್ನಡದಲ್ಲಿ ಮೈಕ್ ಒತ್ತಿ ಕೇಳುತ್ತಾರೆ. ಸರ್ಚ್ ಕನ್ಸೋಲ್‌ನಲ್ಲಿ, ಯಾವ ಮಾತು ಹಾಕಿದಾಗ ನಮ್ಮ ಪುಟ ಕಂಡಿತು, ಎಷ್ಟು ಜನ ಒತ್ತಿದರು ಎಂದು ಗೊತ್ತಾಗುತ್ತದೆ. ಅದನ್ನು ನೋಡಿ ನೋಡಿ ಪುಟ ತಿದ್ದುವುದೇ ಈ ಕೆಲಸದ ಬಹುಪಾಲು. ಜಾದೂ ಏನೂ ಇಲ್ಲ, ತಾಳ್ಮೆಯ ಕೆಲಸ. ಒಂದೇ ಮಾತನ್ನು ಪುಟದಲ್ಲಿ ನೂರು ಸಲ ತುಂಬಿದರೆ ಮೇಲೆ ಬರುತ್ತದೆ ಎಂದು ಹೇಳಿಕೊಡುವ ಕೋರ್ಸುಗಳು ಇದ್ದರೆ ಅವರ ಫೀಸು ವಾಪಸ್ ಕೇಳಿ. ಗೂಗಲ್ ಅದನ್ನು ತಪ್ಪೆಂದೇ ಎಣಿಸುತ್ತದೆ.

ಈಗ ಕರಾರಿನ ವಿಷಯ. ಇದು ನಮ್ಮ ಕ್ಷೇತ್ರ, ಸ್ವಲ್ಪ ವಿವರವಾಗಿ ಹೇಳಬಹುದು. ಹುಡುಗ ನಮ್ಮ ಜೊತೆ ಕೂತು ಕರಾರಿನ ಕಾಗದ ಬರೆದ. ಫಿಕ್ಹ್‌ನಲ್ಲಿ ಎರಡು ರೀತಿ ಉಂಟು. ಒಂದು ಇಜಾರ: ಕೆಲಸ ಇಂಥದ್ದು, ಅವಧಿ ಇಷ್ಟು, ಕೂಲಿ ಇಷ್ಟು ಎಂದು ಮೊದಲೇ ತೀರ್ಮಾನ. ಇನ್ನೊಂದು ಜುಆಲ: ಕೆಲಸ ಮುಗಿಸಿ ಕೊಟ್ಟರೆ ಮಾತ್ರ ಪ್ರತಿಫಲ, ಮುಗಿಯದಿದ್ದರೆ ಇಲ್ಲ. ಯೂಸುಫ್ (ಅ.ಸ.) ಅವರ ಚರಿತ್ರೆಯಲ್ಲಿ ರಾಜನ ಪಾತ್ರೆ ತಂದುಕೊಟ್ಟವನಿಗೆ ಒಂದು ಒಂಟೆಯ ಹೊರೆ ಧಾನ್ಯ ಎಂದು ಸಾರಿದ್ದು ಬರುತ್ತದಲ್ಲ, ಅದು ಇದಕ್ಕೆ ಆಧಾರ. ಗಿರಾಕಿ "ಮೊದಲ ಸ್ಥಾನಕ್ಕೆ ತಂದರೆ ಮಾತ್ರ ದುಡ್ಡು" ಅನ್ನುವುದು ಜುಆಲದ ಹಾಗೆ ಕೇಳಿಸುತ್ತದೆ. ಆದರೆ ಯಾವ ಮಾತಿಗೆ ಮೊದಲು, ಎಲ್ಲಿ ನಿಂತು ನೋಡಿದಾಗ ಮೊದಲು, ಎಷ್ಟು ದಿನ ಮೊದಲು? ಒಂದೇ ಮಾತನ್ನು ಉಳ್ಳಾಲದಲ್ಲಿ ಹುಡುಕಿದಾಗ ಬರುವ ಪಟ್ಟಿ ಬೇರೆ, ಬಿ.ಸಿ.ರೋಡ್‌ನಲ್ಲಿ ಬರುವ ಪಟ್ಟಿ ಬೇರೆ. ಇಷ್ಟು ಅಸ್ಪಷ್ಟ ಇದ್ದಲ್ಲಿ ಜಗಳ ಬಿಟ್ಟರೆ ಬೇರೇನೂ ಹುಟ್ಟುವುದಿಲ್ಲ. ಅದಕ್ಕೆ ಅವನು ಇಜಾರವನ್ನೇ ಹಿಡಿದ. ಆರು ತಿಂಗಳು, ತಿಂಗಳಿಗೆ ಇಷ್ಟು ರೂಪಾಯಿ, ಪ್ರತಿ ತಿಂಗಳು ಮಾಡುವ ಕೆಲಸಗಳ ಪಟ್ಟಿ. ತಿಂಗಳ ಕೊನೆಗೆ ಒಂದು ಪುಟದ ವರದಿ: ಪ್ರೊಫೈಲ್ ನೋಡಿ ಫೋನ್ ಮಾಡಿದವರು ಎಷ್ಟು, ದಾರಿ ಕೇಳಿದವರು ಎಷ್ಟು. ಸ್ಥಾನದ ಸ್ಕ್ರೀನ್‌ಶಾಟ್ ಕಳಿಸುವುದಿಲ್ಲ. ಖಾತೆಯ ಒಡೆತನ ಅಂಗಡಿಯವರ ಇಮೇಲ್‌ನಲ್ಲೇ ಇರಬೇಕು, ಇವನು ಮ್ಯಾನೇಜರ್ ಮಾತ್ರ. ಗಿರಾಕಿ ಬೇಡ ಅಂದ ದಿನ ಪಾಸ್‌ವರ್ಡ್‌ಗಳನ್ನು ಎಲ್ಲ ಒಪ್ಪಿಸಿ ಹೊರಬರುವುದು. ಅದು ಅಮಾನತ್. (ನಿಮ್ಮ ನಿಮ್ಮ ಕರಾರಿನಲ್ಲಿ ಸಂಶಯ ಇದ್ದರೆ ನಿಮ್ಮ ಮೊಹಲ್ಲಾದ ಖತೀಬರಲ್ಲಿ ಕಾಗದ ತೋರಿಸಿ ಕೇಳಿ. ನಾವು ಬರೆದದ್ದನ್ನು ಫತ್ವಾ ಎಂದು ತೆಗೆದುಕೊಳ್ಳಬೇಡಿ.)

ಕಠಿಣ ಪರೀಕ್ಷೆ ಬಂದದ್ದು ರಿವ್ಯೂ ವಿಷಯದಲ್ಲಿ. ಮೂರನೇ ತಿಂಗಳಿಗೆ ಒಬ್ಬ ಬಟ್ಟೆ ಅಂಗಡಿಯ ಗಿರಾಕಿ ಹೇಳಿದರು, "ಗಲ್ಫ್‌ನಲ್ಲಿ ನನ್ನ ಸಂಬಂಧಿಕರೇ ಐವತ್ತು ಜನ ಇದ್ದಾರೆ. ಎಲ್ಲರಿಂದ ಐದು ಸ್ಟಾರ್ ಹಾಕಿಸುವ. ಎದುರಿನವನಿಗೆ ಒಂದೊಂದು ಸ್ಟಾರ್ ಹಾಕಿಸುವ." ಅಂಗಡಿಯೊಳಗೆ ಕಾಲಿಡದವನು ದುಬೈಯಲ್ಲಿ ಕೂತು ಬಟ್ಟೆ ಚೆನ್ನಾಗಿದೆ ಎಂದು ಬರೆಯುವುದು ಏನು? ಸುಳ್ಳು ಸಾಕ್ಷಿ ಅಲ್ಲವೇ? ಕೊಳ್ಳುವ ಮನಸ್ಸಿಲ್ಲದೆ ಹರಾಜಿನಲ್ಲಿ ಬೆಲೆ ಏರಿಸಿ ಇನ್ನೊಬ್ಬನನ್ನು ಬಲೆಗೆ ಹಾಕುವುದಕ್ಕೆ ನಜ್ಶ್ ಎನ್ನುತ್ತಾರೆ, ಅದು ಹದೀಸ್‌ನಲ್ಲಿ ನಿಷಿದ್ಧ. ಇದು ಅದರ ತಮ್ಮ. ದುನಿಯಾದ ಕಾನೂನೂ ಒಪ್ಪುವುದಿಲ್ಲ. ಗೂಗಲ್ ನಕಲಿ ರಿವ್ಯೂಗಳನ್ನು ಅಳಿಸುತ್ತದೆ, ರಿವ್ಯೂ ಬರೆದರೆ ರಿಯಾಯಿತಿ ಕೊಡ್ತೇವೆ ಎನ್ನುವುದನ್ನೂ ನಿಷೇಧಿಸಿದೆ. ನಮ್ಮ ದೇಶದ ಬಿಐಎಸ್ ಸಂಸ್ಥೆ 2022ರ ನವೆಂಬರ್‌ನಲ್ಲಿ ಆನ್‌ಲೈನ್ ರಿವ್ಯೂಗಳಿಗೆಂದೇ ಐಎಸ್ 19000 ಎಂಬ ಮಾನದಂಡ ತಂದಿದೆ. ಹುಡುಗ ಒಲ್ಲೆ ಅಂದ. ಗಿರಾಕಿ ಹೋದರು. ಆ ತಿಂಗಳು ಅವನ ಮನೆಯಲ್ಲಿ ಕಷ್ಟವಾಯಿತು, ನಮಗೆ ಗೊತ್ತು. ಉಮ್ಮನ ಔಷಧಿಯ ಖರ್ಚೂ ಇತ್ತು. "ಉಸ್ತಾದ್, ನಾನು ಮಾಡದಿದ್ದರೆ ಇನ್ನೊಬ್ಬ ಮಾಡ್ತಾನೆ, ಮಾಡಿದ" ಅಂದ. ಹೌದು, ಮಾಡಿದ. ನಾವು ಅವನಿಗೆ ಸಮಾಧಾನ ಹೇಳಲು ಹೋಗಲಿಲ್ಲ, ಸುಮ್ಮನೆ ಚಹಾ ತರಿಸಿದೆವು.

ಲಿಂಕ್ ಕೊಳ್ಳುವುದೂ ಇದೇ ಜಾತಿ. ಸಾಕ್ಷಿಗೆ ತೂಕ ಉಂಟು ಎಂದು ಗೊತ್ತಾದ ಕೂಡಲೇ ಸಾಕ್ಷಿಗಳನ್ನು ದುಡ್ಡಿಗೆ ಕೊಳ್ಳುವ ಬಜಾರು ಹುಟ್ಟಿತು. ಅಮೆರಿಕದ ಜೆ.ಸಿ. ಪೆನ್ನಿ ಎಂಬ ದೊಡ್ಡ ಅಂಗಡಿ ಸರಣಿಯ ಪ್ರಕರಣ 2011ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬಂತು. ಬಟ್ಟೆ, ಹಾಸಿಗೆ, ಕಂಬಳಿ ಏನು ಹುಡುಕಿದರೂ ಅವರೇ ಮೇಲೆ ಬರುತ್ತಿದ್ದರು. ಕಾರಣ ನೋಡಿದರೆ ಸಂಬಂಧವೇ ಇಲ್ಲದ ಸಾವಿರಾರು ಪುಟಗಳಲ್ಲಿ ಅವರಿಗೆ ಲಿಂಕ್ ಹಾಕಿಸಿದ್ದರು. ಗೂಗಲ್ ಅವರನ್ನು ಕೆಳಗೆ ತಳ್ಳಿತು. ತಮಗೆ ಗೊತ್ತೇ ಇರಲಿಲ್ಲ ಎಂದು ಕಂಪೆನಿ ತನ್ನ ಎಸ್‌ಇಒ ಸಂಸ್ಥೆಯನ್ನು ಕೆಲಸದಿಂದ ತೆಗೆಯಿತು. ಅದಕ್ಕೂ ಮೊದಲು 2006ರಲ್ಲಿ ಬಿಎಂಡಬ್ಲ್ಯು ಕಂಪೆನಿಯ ಜರ್ಮನ್ ವೆಬ್‌ಸೈಟನ್ನೇ, ಗೂಗಲ್ ಯಂತ್ರಕ್ಕೆ ಒಂದು ಪುಟ, ಜನರಿಗೆ ಇನ್ನೊಂದು ಪುಟ ತೋರಿಸಿದ್ದಕ್ಕೆ ಪಟ್ಟಿಯಿಂದ ಕಿತ್ತು ಹಾಕಿದ್ದರು. ಮೇಲೆ ಒಣ ಧಾನ್ಯ, ಕೈ ಹಾಕಿದರೆ ಅಡಿಯಲ್ಲಿ ಒದ್ದೆ. ಆ ಹದೀಸ್ ನಮ್ಮ ನಾಲ್ಕನೇ ತರಗತಿಯ ಮಕ್ಕಳಿಗೂ ಗೊತ್ತು.

ಇನ್ನೊಂದು ಪ್ರಶ್ನೆಯನ್ನು ಹುಡುಗನೇ ತಂದ, ನಾವು ಯೋಚಿಸಿರಲಿಲ್ಲ. ಒಂದೇ ಪೇಟೆಯ ಎರಡು ಮೊಬೈಲ್ ಅಂಗಡಿಗಳವರು ಇವನನ್ನು ಕರೆದರು. ಇಬ್ಬರಿಗೂ ಮೇಲೆ ಬರಬೇಕು. ಮ್ಯಾಪಿನ ಪಟ್ಟಿಯಲ್ಲಿ ಮೊದಲು ಕಾಣುವುದು ಮೂರೇ ಹೆಸರು. ಇಬ್ಬರಿಂದಲೂ ದುಡ್ಡು ತೆಗೆದುಕೊಳ್ಳಬಹುದಾ? ಎಲ್ಲ ದೊಡ್ಡ ಕಂಪೆನಿಗಳೂ ತೆಗೆದುಕೊಳ್ಳುತ್ತವೆ ಎಂದು ಅವನ ಗೆಳೆಯರು ಹೇಳಿದರಂತೆ. ಮೊದಲು ಬಂದವರನ್ನು ಇಟ್ಟುಕೊಂಡು ಎರಡನೆಯವರಿಗೆ ವಿಷಯ ಹೇಳು ಎಂದು ನಮ್ಮ ಸಲಹೆ. ಒಂದು ಪೇಟೆಗೆ ಒಂದು ಕಸುಬಿನಲ್ಲಿ ಒಬ್ಬರೇ ಗಿರಾಕಿ ಎಂದು ಅವನು ಕರಾರಿನಲ್ಲೇ ಬರೆದುಬಿಟ್ಟ. ವಿಚಿತ್ರ ಎಂದರೆ, ಅವನ ವ್ಯಾಪಾರಕ್ಕೆ ಅದೇ ದೊಡ್ಡ ಜಾಹೀರಾತು ಆಯಿತು. "ನಿನ್ನನ್ನು ಇಟ್ಟುಕೊಂಡರೆ ಎದುರಿನವನಿಗೆ ನೀನು ಸಿಗುವುದಿಲ್ಲ ಅಲ್ವಾ?" ಎಂದು ಕೇಳಿ ಕೂಡಲೇ ಸಹಿ ಹಾಕಿದವರು ಇದ್ದಾರೆ! ವ್ಯಾಪಾರಿಯ ತಲೆ ಹೇಗೆ ಓಡುತ್ತದೆ ನೋಡಿ.

ಬಾರ್ ಇರುವ ಒಂದು ಲಾಡ್ಜಿನ ಕೆಲಸವನ್ನೂ ಬಡ್ಡಿ ಸಾಲದ ಒಂದು ಕಚೇರಿಯ ಕೆಲಸವನ್ನೂ ಬೇಡ ಅಂದ. ಅದರಲ್ಲಿ ನಮಗೆ ಹೇಳಲು ಹೆಚ್ಚೇನೂ ಇರಲಿಲ್ಲ.

ಮನೆಯ ಹೆಣ್ಣುಮಕ್ಕಳಿಗೂ ಇದರಲ್ಲಿ ಕೆಲಸ ಉಂಟು ಎಂಬುದನ್ನು ಹೇಳಲೇಬೇಕು. ಅವನ ತಂಗಿ ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಈಗ ಕನ್ನಡ ಪುಟಗಳನ್ನು ಬರೆಯುವುದು ಅವಳೇ. ಅಣ್ಣನ ಕನ್ನಡಕ್ಕಿಂತ ಅವಳದ್ದು ಚಂದ. ಅಂಗಡಿಯವರು ಕಳಿಸುವ ಧ್ವನಿ ಸಂದೇಶ ಕೇಳಿ, ಅವರ ಸರಕಿನ ವಿವರವನ್ನು ನಮ್ಮ ಜನ ಮಾತಾಡುವ ಹಾಗೆ ಬರೆಯುತ್ತಾಳೆ. ಪುಟಕ್ಕೆ ಇಷ್ಟು ಎಂದು ಅಣ್ಣ ಕೊಡುತ್ತಾನೆ. ಮೊದಲೆರಡು ತಿಂಗಳು ಆ ದುಡ್ಡು ಮನೆ ಖರ್ಚಿಗೆ ಹೋಯಿತು. ಹೆಣ್ಣಿನ ಸಂಪಾದನೆ ಅವಳದ್ದೇ, ಅವಳು ಖುಷಿಯಿಂದ ಕೊಟ್ಟರೆ ಮಾತ್ರ ನಿಮಗೆ ಎಂದು ನಾವು ನೆನಪಿಸಿದ ಮೇಲೆ ಅವಳ ಹೆಸರಿನಲ್ಲಿ ಬ್ಯಾಂಕ್ ಖಾತೆ ಆಯಿತು.

ಈ ಕಸುಬು ಎಷ್ಟು ವರ್ಷ ನಡೆಯುತ್ತದೆ ಎಂದು ಕೆಲವರು ಕೇಳುತ್ತಾರೆ. ಗೂಗಲ್ ಈಗ ಹಲವು ಪ್ರಶ್ನೆಗಳಿಗೆ ತಾನೇ ಎಐಯಿಂದ ಉತ್ತರ ಬರೆದು ಮೇಲೆ ಇಡುತ್ತದೆ. 2024ರಿಂದ ನಮ್ಮ ದೇಶದಲ್ಲೂ ಬಂದಿದೆ. ಉತ್ತರ ಅಲ್ಲೇ ಸಿಕ್ಕಿದರೆ ಜನ ಕೆಳಗಿನ ವೆಬ್‌ಸೈಟ್ ಒತ್ತುವುದು ಕಡಿಮೆ. ಬರೀ ಲೇಖನ ಬರೆದು ಜನ ತರುತ್ತೇವೆ ಎನ್ನುವವರಿಗೆ ಇದು ಪೆಟ್ಟು. ಆದರೆ ಊಟ ಮಾಡಲು ಮೆಸ್ಸಿಗೇ ಹೋಗಬೇಕು, ಕಪಾಟು ಕೊಳ್ಳಲು ಅಂಗಡಿಗೇ ಬರಬೇಕು. ಅದಕ್ಕೇ ಇವನು ಊರಿನ ಅಂಗಡಿಗಳ ಕೆಲಸವನ್ನೇ ಹಿಡಿದುಕೊಂಡಿದ್ದಾನೆ. ಇವತ್ತು ಒಂಬತ್ತು ಗಿರಾಕಿಗಳು. ದಮ್ಮಾಮ್‌ನ ಸಂಬಳದಷ್ಟು ಇನ್ನೂ ಆಗಿಲ್ಲ, ಆದರೆ ಪ್ರತಿದಿನ ಉಮ್ಮನ ಜೊತೆ ಊಟ ಮಾಡುತ್ತಾನೆ. ಏಪ್ರಿಲ್‌ನಲ್ಲಿ ಮಕ್ಕಳು ರಜೆಗೆ ಊರಿಗೆ ಹೋದಾಗ ಮೆಸ್ಸಿಗೆ ಬರುವ ಫೋನ್ ಅರ್ಧಕ್ಕೆ ಇಳಿಯಿತು. ವರದಿಯಲ್ಲಿ ಅದನ್ನು ಹಾಗೇ ಬರೆದು, ತಾನೇ ತೆಗೆದುಕೊಂಡು ಹೋಗಿ ತೋರಿಸಿದ. "ಇಳಿದದ್ದನ್ನು ಹೇಳ್ಲಿಕ್ಕೆ ಮನೆಗೆ ಬರುವವನನ್ನು ನಾನು ನೋಡಿದ್ದು ಇದೇ ಮೊದಲು" ಎಂದು ಆ ಕಾಕ ನಮ್ಮಲ್ಲಿ ಹೇಳಿದರು. ಇನ್ನಾರು ತಿಂಗಳಿಗೆ ಕರಾರು ಮುಂದುವರಿಸಿದ್ದಾರೆ.

ಭಾವನ ಖಾತೆಯ ವಿಷಯ ಬಾಕಿ ಉಂಟು. ಬೇರೆಯವರ ಕೈಯಲ್ಲಿರುವ ಅಂಗಡಿ ಖಾತೆಯನ್ನು ವಾಪಸ್ ಕೇಳಲು ಗೂಗಲ್‌ನಲ್ಲೇ ದಾರಿ ಉಂಟು. ಒಡೆತನಕ್ಕೆ ವಿನಂತಿ ಹಾಕಿದರೆ ಈಗ ಇಟ್ಟುಕೊಂಡವರಿಗೆ ಉತ್ತರ ಕೊಡಲು ಮೂರು ದಿನ ಇರುತ್ತದೆ. ಹುಡುಗ ಕೂತು ವಿನಂತಿ ಹಾಕಿಸಿದ. ಮೂರು ದಿನ ಯಾರೂ ಉತ್ತರಿಸಲಿಲ್ಲ. ಆಮೇಲೆ ಅಂಗಡಿ ನಿಮ್ಮದೇ ಎಂದು ವಿಡಿಯೋದಲ್ಲಿ ತೋರಿಸಿ ಎಂದು ಬಂತು. ಭಾವ ಬೆಳಗ್ಗೆ ಬೋರ್ಡನ್ನೂ ರಸ್ತೆಯನ್ನೂ ತೋರಿಸಿ, ಬೀಗ ತೆಗೆದು, ಶಟರ್ ಎತ್ತಿ ಒಳಗೆ ಹೋಗುವುದನ್ನು ಹುಡುಗ ಮೊಬೈಲ್‌ನಲ್ಲಿ ಹಿಡಿದ. ಖಾತೆ ಕೈಗೆ ಬಂದಾಗ ನೋಡಿದರೆ, ಅದರಲ್ಲಿದ್ದ ಫೋನ್ ನಂಬರ್ ಭಾವನದ್ದಲ್ಲ, ಆ ಕಂಪೆನಿಯದ್ದು. ಒಂದು ವರ್ಷ ಅಂಗಡಿಗೆ ಬರಬೇಕಾದ ಫೋನ್‌ಗಳೆಲ್ಲ ಎಲ್ಲಿ ಹೋದವೋ. ನಂಬರ್ ಬದಲಿಸಿದ ಮೂರನೇ ದಿನ, ಅಸರ್ ಆಗಿ ನಾವು ಅಂಗಡಿಯಲ್ಲಿ ಕೂತಿದ್ದಾಗ ಮುಡಿಪುವಿನಿಂದ ಒಬ್ಬರು ಫೋನ್ ಮಾಡಿ, ಮಗುವಿನ ತೊಟ್ಟಿಲು ಉಂಟಾ ಎಂದು ಕೇಳಿದರು. ತೊಟ್ಟಿಲು ಇರಲಿಲ್ಲ. "ಒಂದು ವಾರ ಕೊಡಿ, ಮಾಡಿಸಿ ಕೊಡ್ತೇನೆ" ಎಂದ ಭಾವ, ಫೋನ್ ಇಟ್ಟು ಬಡಗಿಗೆ ಕರೆ ಮಾಡಿದರು.